ಎಲ್ಲರ ಸಿಟ್ಟಿಗೂ ಒಂದೇ ಖಾಕಿ

2024ರ ಏಪ್ರಿಲ್ 26, ಲೋಕಸಭಾ ಚುನಾವಣೆಯ ಮತದಾನದ ದಿನ. ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಯಿತು, ಮತಯಂತ್ರ ಪುಡಿಯಾಯಿತು, ಕಲ್ಲು ತೂರಾಟದಲ್ಲಿ ಪೊಲೀಸರೂ ಗಾಯಗೊಂಡರು. ಮಲೆ ಮಹದೇಶ್ವರ ಬೆಟ್ಟದ ಕಾಡಿನ ನಡುವಿರುವ ಆ ಊರಿನವರು ಮತದಾನ ಬಹಿಷ್ಕರಿಸಲು ಹೊರಟದ್ದು ತಮ್ಮೂರಿಗೆ ಮೂಲಸೌಕರ್ಯ ಇಲ್ಲವೆಂಬ ಕಾರಣಕ್ಕೆ. ರಸ್ತೆ, ನೀರು, ವಿದ್ಯುತ್ತು ಯಾವುದೂ ಪೊಲೀಸ್ ಠಾಣೆಯಿಂದ ಬರುವಂಥದ್ದಲ್ಲ. ಕಾಡಿನ ರಸ್ತೆಗೆ ಅರಣ್ಯ ಇಲಾಖೆ ಒಪ್ಪಬೇಕು, ನೀರಿಗೆ ಪಂಚಾಯಿತಿ ಓಡಾಡಬೇಕು, ಕರೆಂಟಿಗೆ ಸೆಸ್ಕ್ ಕಂಬ ನೆಡಬೇಕು. ಇವರ ಕಚೇರಿಗಳಿಗೆ ಅಲೆದು ಸೋತ ಜನ ಕೊನೆಗೆ ಕಲ್ಲು ಕೈಗೆತ್ತಿಕೊಂಡಾಗ ಎದುರಿಗೆ ನಿಂತಿದ್ದವರು ಪೊಲೀಸರು.

ಗಲಾಟೆ ಎದ್ದಾಗ ಚುನಾವಣಾ ಸಿಬ್ಬಂದಿ ಹಿಂದೆ ಸರಿಯಬಹುದು, ಸರಿಯಲೇಬೇಕು. ಪೊಲೀಸರು ಮಾತ್ರ ಮುಂದೆ ಹೋಗಬೇಕು. ಕಲ್ಲು ತಿಂದವರೂ ಅವರೇ, ಲಾಠಿ ಬೀಸಿದವರೂ ಅವರೇ, ಆಮೇಲೆ ಎಫ್‌ಐಆರ್ ಬರೆದು ಊರವರನ್ನು ಹಿಡಿದವರೂ ಅವರೇ. ಬಂಧನದ ಭಯಕ್ಕೆ ಜನ ಮನೆ, ದನಕರು ಬಿಟ್ಟು ಹೋದರು. ಏಪ್ರಿಲ್ 29ರ ಮರುಮತದಾನದಲ್ಲಿ, ಐನೂರಕ್ಕೂ ಹೆಚ್ಚು ಮತದಾರರಿದ್ದ ಆ ಮತಗಟ್ಟೆಯಲ್ಲಿ ನೂರು ಮತಗಳೂ ಬೀಳಲಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಪೊಲೀಸ್ ಕೆಲಸ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಆ ನಾಲ್ಕು ದಿನಗಳನ್ನೇ ತೋರಿಸುತ್ತೇನೆ. ಬೇರೆ ಇಲಾಖೆಗಳು ಮಾಡದೆ ಬಿಟ್ಟದ್ದೆಲ್ಲ ಕಟ್ಟಕಡೆಗೆ ಠಾಣೆಗೆ ಬಂದು ಬೀಳುತ್ತದೆ. ಸರ್ಕಾರದ ಮೇಲಿನ ಸಿಟ್ಟಿಗೆ ಕೈಗೆ ಸಿಗುವ ಮೈ ಒಂದೇ, ಖಾಕಿ ತೊಟ್ಟ ಪೇದೆಯದು. ಆ ಸಿಟ್ಟನ್ನು ಹೊತ್ತವನು ಅದನ್ನು ಎಲ್ಲಿ ಇಳಿಸಬೇಕು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿಲ್ಲ, ಇಲಾಖೆಯೂ ಕೇಳಿಕೊಂಡಂತೆ ಕಾಣುವುದಿಲ್ಲ. ಅದಕ್ಕೆ ಉತ್ತರ ಸಿಗದಿದ್ದರೆ ಪೆಟ್ಟು ಬೀಳುವುದು ಪೊಲೀಸರ ಮನಸ್ಸಿಗೆ ಮಾತ್ರವಲ್ಲ, ಊರಿನ ಮೈಗೂ ಬೀಳುತ್ತದೆ. ಈ ಸೀಮೆಗೆ ಅದರ ಅನುಭವ ಚೆನ್ನಾಗಿಯೇ ಇದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಕಾಡಂಚಿನ ಊರುಗಳಲ್ಲಿ ಇನ್ನೊಂದು ತೊಡಕಿದೆ. ಅರಣ್ಯ ಇಲಾಖೆಯವರದೂ ಖಾಕಿ, ಅಬಕಾರಿಯವರದೂ ಖಾಕಿ, ಗೃಹರಕ್ಷಕರದೂ ಖಾಕಿ. ಆನೆ ಬಂದು ಜೋಳ ತಿಂದು ಹೋದ ಮೇಲೆ ಪರಿಹಾರ ಬಾರದ ಸಿಟ್ಟು, ಕಾಡಿಗೆ ದನ ಬಿಡಬಾರದೆಂದ ಸಿಟ್ಟು, ಸೌದೆ ತರುವಾಗ ತಡೆದ ಸಿಟ್ಟು ಎಲ್ಲವೂ ಬಣ್ಣ ನೋಡಿ ಹುಟ್ಟುತ್ತದೆ, ಹೆಗಲ ಮೇಲಿನ ಪಟ್ಟಿಯ ಅಕ್ಷರ ನೋಡಿ ಅಲ್ಲ. ಜೊತೆಗೆ ಭಾಷೆಯ ದೂರ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಮಾರ್ಟಳ್ಳಿ ಕಡೆಯ ಊರುಗಳಲ್ಲಿ ಮನೆಮಾತು ತಮಿಳು, ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಸೋಲಿಗರ ನುಡಿ, ಒಡೆಯರಪಾಳ್ಯದಲ್ಲಿ ಟಿಬೆಟಿಯನ್ನರು. ಬೇರೆ ಕಡೆಯಿಂದ ವರ್ಗವಾಗಿ ಬಂದ ಪಿಎಸ್‌ಐ ಇವರೆಲ್ಲರ ದೂರನ್ನು ಕೇಳಿ, ಅರ್ಥ ಮಾಡಿಕೊಂಡು, ಕಚೇರಿಯ ಕನ್ನಡದಲ್ಲಿ ಬರೆಸಬೇಕು. ಅಷ್ಟು ಹೊತ್ತಿಗೆ ಇನ್ನೊಂದು ಠಾಣೆಗೆ ವರ್ಗವಾಗಿರುತ್ತದೆ.

ನಮ್ಮ ಕಡೆ ಮರ್ಯಾದಸ್ಥರು ತಮ್ಮ ಬಗ್ಗೆ ಹೇಳಿಕೊಳ್ಳುವ ಮಾತೊಂದಿದೆ: ನಾವು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವರಲ್ಲ. ಠಾಣೆ ಎಂದರೆ ಮರ್ಯಾದೆ ಕಳೆಯುವ ಜಾಗ ಎಂದೇ ನಾವು ತಿಳಿದಿರುವುದು. ಹಾಗಾಗಿ ಒಳಗೆ ಏನು ಕೆಲಸ ನಡೆಯುತ್ತದೆ ಎಂಬುದು ಕಟಕಟೆಯ ಈಚೆಗಿನವರಿಗೆ ಗೊತ್ತಾಗುವುದೇ ಇಲ್ಲ. ಸಿನಿಮಾ ಆ ಜಾಗವನ್ನು ತುಂಬಿತು. ಶಂಕರ್‌ನಾಗ್ ಅವರ ‘ಸಾಂಗ್ಲಿಯಾನ’ 1988ರದು, ಸಾಯಿಕುಮಾರ್ ಅವರ ‘ಪೊಲೀಸ್ ಸ್ಟೋರಿ’ 1996ರದು. ಆ ನಾಯಕರು ಸಮನ್ಸ್ ಹಿಡಿದು ಊರೂರು ಅಲೆಯುವುದಿಲ್ಲ, ಪಂಚನಾಮೆ ಬರೆಯುವುದಿಲ್ಲ, ಶವಾಗಾರದ ಮುಂದೆ ರಾತ್ರಿ ಕಳೆಯುವುದಿಲ್ಲ.

ಶವಾಗಾರದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾವಿಗೆ ಬಿದ್ದವರು, ಬೆಳೆಗೆ ತಂದ ಔಷಧಿಯನ್ನು ತಾವೇ ಕುಡಿದವರು, ಭರಚುಕ್ಕಿಯ ಕೆಳಗೆ ಈಜಲು ಇಳಿದು ಮೇಲೆ ಬಾರದ ಹುಡುಗರು, ತಾಳಬೆಟ್ಟದ ಆಚೆಯ ತಿರುವುಗಳಲ್ಲಿ ಉರುಳಿದ ವಾಹನದಡಿ ಸಿಕ್ಕವರು. ಅಪಘಾತಕ್ಕೆ ಅದರದೇ ಕಲಮುಗಳಡಿ ಪ್ರಕರಣ. ಉಳಿದ ಅಸಹಜ ಸಾವುಗಳಿಗೆ ಠಾಣೆಯವರು ‘ಯುಡಿಆರ್’ ಎನ್ನುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮು, ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 174. ಪೊಲೀಸರು ಪಂಚರ ಎದುರಿಗೆ ಶವವನ್ನು ತಲೆಯಿಂದ ಕಾಲಿನವರೆಗೆ ನೋಡಬೇಕು. ಗಾಯ ಎಲ್ಲಿದೆ, ಎಷ್ಟು ಉದ್ದ, ಏನಾಗಿ ಆಗಿರಬಹುದು, ಮೈಮೇಲೆ ಯಾವ ಬಟ್ಟೆ, ಕೊರಳಲ್ಲಿ ಏನು ಎಂದು ಬರೆಯಬೇಕು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಹೀಗೆ ಸತ್ತರೆ ತಹಶೀಲ್ದಾರರು ಬಂದು ಪಂಚನಾಮೆ ಮಾಡುವವರೆಗೆ ಶವ ಕಾಯಬೇಕು. ಆ ಹೊತ್ತಿನಲ್ಲಿ ತವರಿನವರು ಒಂದು ಕಡೆ, ಗಂಡನ ಮನೆಯವರು ಇನ್ನೊಂದು ಕಡೆ; ನಡುವೆ ನಿಂತ ಪೇದೆಯ ಕೊರಳಪಟ್ಟಿಗೆ ಎರಡೂ ಕಡೆಯವರು ಕೈಹಾಕುತ್ತಾರೆ.

ಕೊಳೆತ ಶವವನ್ನು ನೀರಿನಿಂದ ಎತ್ತುವಾಗ ಊರಿನವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರ ಸರಿದಿರುತ್ತಾರೆ. ವಾರಸುದಾರರಿಲ್ಲದ ಶವವಾದರೆ ಫೋಟೊ ತೆಗೆಸಿ, ಪತ್ರಿಕೆಗೆ ಕೊಟ್ಟು, ದಿನ ಕಾದು, ಕೊನೆಗೆ ಮಣ್ಣು ಮಾಡುವವರೂ ಇವರೇ. ಇನ್ನು ಸಾವಿನ ಸುದ್ದಿ ಹೇಳುವ ಕೆಲಸ. ಮಗ ಬೈಕಿನಿಂದ ಬಿದ್ದು ತೀರಿಹೋದ ಎಂದು ತಾಯಿಗೆ ಹೇಗೆ ಹೇಳಬೇಕು ಎಂಬುದನ್ನು ಯಾವ ತರಬೇತಿ ಮೈದಾನದಲ್ಲಿ ಕಲಿಸುತ್ತಾರೆ? ಬಹಳ ಜನ ಪೇದೆಗಳು ಕಂಡುಕೊಂಡಿರುವ ದಾರಿ, ‘ಸ್ವಲ್ಪ ಪೆಟ್ಟಾಗಿದೆ, ಆಸ್ಪತ್ರೆಗೆ ಬನ್ನಿ’ ಎನ್ನುವುದು. ಅದು ಸುಳ್ಳು ಎಂದು ಹೇಳುವವನಿಗೂ ಗೊತ್ತು, ಕೇಳುವ ತಾಯಿಗೂ ಗೊತ್ತಾಗುತ್ತದೆ. ಆ ದಾರಿಯುದ್ದಕ್ಕೂ ಜೊತೆಗಿದ್ದು ಬಂದವನಿಗೆ ಮರುದಿನ ಬೆಳಿಗ್ಗೆ ಬಂದೋಬಸ್ತ್ ಇರುತ್ತದೆ.

2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಗೋಪುರದ ಶಂಕುಸ್ಥಾಪನೆಗೆ ಸೇರಿದ ಭಕ್ತರು ಪ್ರಸಾದ ತಿಂದರು. ಅದಕ್ಕೆ ಕೀಟನಾಶಕ ಬೆರೆತಿತ್ತು. 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ದೇವಸ್ಥಾನದ ಹಿಡಿತಕ್ಕಾಗಿ ನಡೆದ ಪೈಪೋಟಿಯೇ ಕಾರಣ ಎಂದು ಪೊಲೀಸರು ಆರೋಪಿಸಿದರು, ಟ್ರಸ್ಟಿನ ಮುಖ್ಯಸ್ಥರೂ ಸೇರಿ ನಾಲ್ವರನ್ನು ಬಂಧಿಸಿದರು. ಪತ್ರಿಕೆಗಳಲ್ಲಿ ನಾವು ಓದಿದ್ದು ಇಷ್ಟು. ಇದರ ಹಿಂದಿನ ಕೆಲಸವನ್ನು ಊಹಿಸಿ ನೋಡಿ. ಒದ್ದಾಡುತ್ತಿದ್ದವರನ್ನು ಸಿಕ್ಕ ವಾಹನಕ್ಕೆ ಹತ್ತಿಸಿ ಕಾಮಗೆರೆಗೆ, ಕೊಳ್ಳೇಗಾಲಕ್ಕೆ, ಮೈಸೂರಿಗೆ ಸಾಗಿಸುವಾಗ ದಾರಿ ಬಿಡಿಸಬೇಕು. ಯಾವ ಆಸ್ಪತ್ರೆಯಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಮಾಡಬೇಕು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ. ಉಸಿರಾಟದ ಯಂತ್ರ ಹಾಕುವ ಮೊದಲೇ ಹೇಳಿಕೆ ಪಡೆಯಬೇಕು. ಸತ್ತ ಒಬ್ಬೊಬ್ಬರಿಗೂ ಬೇರೆ ಬೇರೆ ಪಂಚನಾಮೆ. ಅಡುಗೆಯ ಪಾತ್ರೆ, ಉಳಿದ ಅನ್ನ, ಮಣ್ಣು ಎಲ್ಲವನ್ನೂ ಮೊಹರು ಮಾಡಿ ಕಳಿಸಬೇಕು. ಮಾರಮ್ಮನ ಪ್ರಸಾದದಲ್ಲೇ ವಿಷವಿತ್ತೆಂಬ ಸಿಟ್ಟಿನಲ್ಲಿ ಕುದಿಯುತ್ತಿದ್ದ ಊರುಗಳಲ್ಲಿ ಗಲಭೆಯಾಗದಂತೆ ನೋಡಿಕೊಳ್ಳಬೇಕು. ಇದನ್ನೆಲ್ಲ ಮಾಡಿದವರು ಕಾಡುಸೀಮೆಯ ಒಂದೆರಡು ಸಣ್ಣ ಠಾಣೆಗಳ ಸಿಬ್ಬಂದಿ ಮತ್ತು ಅವರಿಗೆ ನೆರವಾಗಲು ಬಂದ ಬೇರೆ ಠಾಣೆಯವರು. ತನಿಖೆ ಬೇಗ ಮುಗಿದದ್ದಕ್ಕೆ ಅಭಿನಂದನೆ ಸಂದಿತು. ಸಾಲು ಹೆಣಗಳ ನಡುವೆ ಕಳೆದ ಆ ದಿನಗಳು ಮನಸ್ಸಿನೊಳಗೆ ಏನು ಮಾಡಿದವು ಎಂದು ಕೇಳುವುದು ಯಾರ ಕರ್ತವ್ಯದ ಪಟ್ಟಿಯಲ್ಲೂ ಇರಲಿಲ್ಲ.

ಈಗ ಹಳೆಯ ಕಥೆಗೆ ಬರುತ್ತೇನೆ. ಇಲ್ಲಿ ಪೊಲೀಸರ ಬಗ್ಗೆ ಮಾತೆತ್ತಿ ವೀರಪ್ಪನ್ ಕಾಲವನ್ನು ಬಿಟ್ಟು ಹೋಗಲಾಗದು. 1992ರ ಮೇ ತಿಂಗಳಲ್ಲಿ ಅವನ ತಂಡ ರಾಮಾಪುರ ಠಾಣೆಗೇ ನುಗ್ಗಿ ಐವರು ಪೊಲೀಸರನ್ನು ಕೊಂದು ಬಂದೂಕುಗಳನ್ನು ಹೊತ್ತೊಯ್ದಿತು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚುಹಾಕಿ ಮೈಸೂರು ಎಸ್‌ಪಿ ಟಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಸೇರಿ ಆರು ಮಂದಿಯನ್ನು ಕೊಂದಿತು. 1993ರ ಏಪ್ರಿಲ್ 9ರ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ 22 ಜನ ಸತ್ತರು. ಅವರಲ್ಲಿ ಪೊಲೀಸರೂ ಇದ್ದರು, ಅರಣ್ಯ ಸಿಬ್ಬಂದಿಯೂ ಇದ್ದರು, ದಾರಿ ತೋರಿಸಲು ಹೋಗಿದ್ದ ಹಳ್ಳಿಗರೂ ಇದ್ದರು. ವರ್ಷವೊಂದು ತುಂಬುವುದರೊಳಗೆ ಮೂರು ಸಲ ಸಹೋದ್ಯೋಗಿಗಳ ಶವ ಹೊತ್ತ ಪಡೆ ಅದು. ಠಾಣೆಯಲ್ಲಿ ಮಲಗಿದರೆ ಬೆಳಗಾಗುತ್ತದೋ ಇಲ್ಲವೋ ಎಂಬ ಸ್ಥಿತಿ.

ಆ ಪಡೆಗಳಿಗೆ ಹೆಚ್ಚು ಆಯುಧ ಬಂತು, ಹೆಚ್ಚು ಅಧಿಕಾರ ಬಂತು, ಎರಡು ರಾಜ್ಯಗಳ ವಿಶೇಷ ಕಾರ್ಯಪಡೆ ಬಂತು. ದುಃಖಕ್ಕೆ ಮಾತ್ರ ಯಾವ ವ್ಯವಸ್ಥೆಯೂ ಬರಲಿಲ್ಲ. ಆಮೇಲೆ ಕಾಡಂಚಿನ ಹಳ್ಳಿಗಳಲ್ಲಿ ನಡೆದದ್ದು ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿಯ ಮುಂದೆ ಸಾಕ್ಷಿಯಾಗಿ ದಾಖಲಾಗಿದೆ. ರಾಷ್ಟ್ರೀಯ ಮಾನವ ಹಕ್ಕು ಆಯೋಗ 1999ರಲ್ಲಿ ನೇಮಿಸಿದ ಸಮಿತಿ ಅದು. ಮಹದೇಶ್ವರ ಬೆಟ್ಟದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದ ಜಾಗದಲ್ಲಿ ತಮಗೆ ಕೊಟ್ಟ ಚಿತ್ರಹಿಂಸೆಯನ್ನು ಗಂಡಸರೂ ಹೆಂಗಸರೂ ಬಂದು ಹೇಳಿದರು. 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಹೇಳಿತು. ಟಾಡಾ ಕಾಯ್ದೆಯಡಿ ಬಂಧಿತರಾದ ನೂರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತ ಮೇಲೆ 2001ರಲ್ಲಿ ಖುಲಾಸೆಯಾದರು.

ಆದ್ದರಿಂದ ಕಾಡಂಚಿನ ಜನ ಪೊಲೀಸರನ್ನು ತಪ್ಪಾಗಿ ತಿಳಿದಿದ್ದಾರೆ ಎಂದು ಸಲೀಸಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಜೀಪಿನ ಸದ್ದಿಗೆ ಇಂದಿಗೂ ಬೆಚ್ಚುವ ಅಜ್ಜಿಯದು ತಪ್ಪು ತಿಳಿವಳಿಕೆಯಲ್ಲ, ಅದು ಅವಳ ನೆನಪು. ಇಂಡಿಗನತ್ತದಂಥ ಊರು ರಾತ್ರೋರಾತ್ರಿ ಖಾಲಿಯಾಗುವುದರ ಹಿಂದೆ ಈ ಸೀಮೆಯ ಮೂವತ್ತು ವರ್ಷಗಳ ಹಿಂದಿನ ಹೆದರಿಕೆಯೂ ಇದೆ ಎಂದು ನಾನು ನಂಬುತ್ತೇನೆ. ಸಹೋದ್ಯೋಗಿಗಳನ್ನು ಕಳೆದುಕೊಂಡ ನೋವು ಚಿತ್ರಹಿಂಸೆಗೆ ಸಮರ್ಥನೆಯಾಗಲಾರದು. ಆದರೆ ಅಳಲು ಜಾಗವಿಲ್ಲದ, ಹೆದರಿಕೆಯನ್ನು ಬಾಯಿಬಿಟ್ಟು ಹೇಳಲಾಗದ ಮನುಷ್ಯನ ಕೈಗೆ ಬಂದೂಕು ಮತ್ತು ಕತ್ತಲೆ ಕೋಣೆಯ ಬೀಗದ ಕೈ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮಷ್ಟು ಹತ್ತಿರದಿಂದ ಕಂಡವರು ಕಡಿಮೆ. ಪೊಲೀಸರ ಮನಸ್ಸಿನ ಆರೋಗ್ಯ ಅವರ ಮನೆಯ ವಿಷಯ ಎಂದು ಬಿಟ್ಟುಬಿಡಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇಂಥ ಹಿಂಸೆಯಲ್ಲಿ ಒಂದು ಪಾಲು ನಮ್ಮದೂ ಹೌದು. ಕಳ್ಳನನ್ನು ಹಿಡಿದ ಸುದ್ದಿ ಬಂದ ಕೂಡಲೇ ‘ನಾಲ್ಕು ಬಿಡಿ, ಬುದ್ಧಿ ಬರುತ್ತೆ’ ಎಂದು ಹೇಳುವವರು ನಾವು. ಮಗ ಮಾತು ಕೇಳುವುದಿಲ್ಲ ಎಂದು ಠಾಣೆಗೆ ಕರೆತಂದು ಒಂದೆರಡು ಬಿಗಿಯಿರಿ ಎನ್ನುವ ಅಪ್ಪಂದಿರೂ ಇದ್ದಾರೆ. 2019ರ ಡಿಸೆಂಬರ್ 6ರಂದು ಹೈದರಾಬಾದಿನಲ್ಲಿ ಅತ್ಯಾಚಾರದ ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಪೊಲೀಸರ ಮೇಲೆ ಹೂವು ಸುರಿದರು. ಅದು ಆತ್ಮರಕ್ಷಣೆಗೆ ನಡೆದ ಗುಂಡೇಟಲ್ಲ ಎಂದು ನ್ಯಾಯಮೂರ್ತಿ ಸಿರ್ಪೂರ್ಕರ್ ಆಯೋಗ 2022ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಹೂವು ಸುರಿದವರು ಯಾರೂ ಅಲ್ಲಿರಲಿಲ್ಲ. ಹೊಡೆಯಲಿ ಎಂದು ಬಯಸುವ ಸಮಾಜ, ಹೊಡೆದ ಕೈಯನ್ನು ಮಾತ್ರ ಕ್ರೂರ ಎನ್ನುತ್ತದೆ. ‘ಕಾಮನ್ ಕಾಸ್’ ಸಂಸ್ಥೆ ಮತ್ತು ಸಿಎಸ್‌ಡಿಎಸ್‌ನ ಲೋಕನೀತಿ ಸೇರಿ 2019ರಲ್ಲಿ ಪ್ರಕಟಿಸಿದ ಭಾರತದ ಪೊಲೀಸ್ ಸ್ಥಿತಿಗತಿಯ ವರದಿಯಲ್ಲಿ, ಅಪರಾಧಿಗಳ ಮೇಲೆ ಬಲ ಪ್ರಯೋಗಿಸುವುದು ಸರಿ ಎಂದು ನಾಲ್ವರು ಪೊಲೀಸರಲ್ಲಿ ಮೂವರು ಹೇಳಿದ್ದರು. ಆ ನಂಬಿಕೆ ಅವರಿಗೆ ಬಂದದ್ದು ಠಾಣೆಯ ಒಳಗಿನಿಂದ ಮಾತ್ರ ಅಲ್ಲ.

ದಿನನಿತ್ಯದ ತಪ್ಪು ತಿಳಿವಳಿಕೆಗಳು ಬೇರೆಯೇ ಇವೆ, ಅವು ಪೇದೆಯನ್ನು ಸಣ್ಣ ಸಣ್ಣದಾಗಿ ಕೊಲ್ಲುತ್ತವೆ. ಹೊಡೆದಾಟದ ಆರೋಪಿ ಸಂಜೆ ಹೊತ್ತಿಗೆ ಊರಿಗೆ ಬಂದು ಟೀ ಅಂಗಡಿಯಲ್ಲಿ ಕೂತಿದ್ದರೆ, ದುಡ್ಡು ತಿಂದು ಬಿಟ್ಟರು ಎಂಬುದು ಮೊದಲ ಮಾತು. ದುಡ್ಡು ತಿನ್ನುವವರು ಇಲ್ಲವೆಂದಲ್ಲ. ಇದ್ದಾರೆ, ಅವರಿಂದಾಗಿಯೇ ತಿನ್ನದವನ ಮಾತನ್ನೂ ಯಾರೂ ನಂಬುವುದಿಲ್ಲ. ಆದರೆ ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮನೆ ಬಂಧಿಸಬಾರದು, ಬಂಧನ ಯಾಕೆ ಬೇಕು ಎಂದು ಕಾರಣ ಬರೆಯಬೇಕು, ಬೇಡವಾದರೆ ನೋಟಿಸ್ ಕೊಟ್ಟು ಕಳಿಸಬೇಕು ಎಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಜಾಮೀನು ಕೊಡುವುದು ನ್ಯಾಯಾಲಯ. ಜಮೀನಿನ ಬದುವಿನ ಜಗಳದಲ್ಲಿ ಯಾರ ಕಡೆ ಎಷ್ಟು ಅಡಿ ಎಂದು ತೀರ್ಮಾನಿಸುವ ಅಧಿಕಾರ ಪಿಎಸ್‌ಐಗೆ ಇಲ್ಲ, ಅದು ಸರ್ವೆಯವರ, ಸಿವಿಲ್ ನ್ಯಾಯಾಲಯದ ಕೆಲಸ. ಅಲ್ಲಿ ಹತ್ತು ವರ್ಷ ಹಿಡಿಯುತ್ತದೆಂದು ಇಲ್ಲಿಗೆ ಬರುತ್ತಾರೆ. ಕೈ ಹಾಕಿದರೆ ಪಕ್ಷಪಾತ, ಹಾಕದಿದ್ದರೆ ನಿರ್ಲಕ್ಷ್ಯ. ಇದನ್ನೆಲ್ಲ ಕೌಂಟರಿನಲ್ಲಿ ಕೂತು ಜನರಿಗೆ ತಿಳಿಸಿ ಹೇಳಲು ಠಾಣೆಗಳಿಗೆ ತಾಳ್ಮೆಯೂ ಇಲ್ಲ, ಆಳೂ ಇಲ್ಲ. ಒರಟಾಗಿ ಗದರಿ ಕಳಿಸುತ್ತಾರೆ, ತಪ್ಪು ತಿಳಿವಳಿಕೆ ಗಟ್ಟಿಯಾಗುತ್ತದೆ.

ಚಿಕ್ಕಲ್ಲೂರಿನ ಸಿದ್ಧಪ್ಪಾಜಿ ಜಾತ್ರೆಯ ಪೊಲೀಸರನ್ನು ನೋಡಿದವರಿಗೆ ಈ ಇಕ್ಕಟ್ಟು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಐದು ದಿನದ ಜಾತ್ರೆಯಲ್ಲಿ ನಾಲ್ಕನೆಯ ದಿನ ಪಂಕ್ತಿಸೇವೆ. ಸಿದ್ಧಪ್ಪಾಜಿಯ ಒಕ್ಕಲು ಮಾಂಸದಡುಗೆ ಮಾಡಿ ಜಾತಿಭೇದವಿಲ್ಲದೆ ಒಟ್ಟಿಗೆ ಕೂತು ಉಣ್ಣುವ ದಿನ ಅದು. ಇದು ಬಲಿಯಲ್ಲ, ನಮ್ಮ ಪರಂಪರೆ ಎಂದು ಅವರು ಹೇಳುತ್ತಾರೆ. 1959ರ ಪ್ರಾಣಿಬಲಿ ತಡೆ ಕಾಯ್ದೆಯನ್ನು ಮುಂದಿಟ್ಟು ಜಿಲ್ಲಾಡಳಿತ ಚೆಕ್‌ಪೋಸ್ಟ್ ಹಾಕಿಸುತ್ತದೆ. ಕುರಿ ಕೋಳಿ ಹಿಡಿದು ಬಂದ ಕುಟುಂಬವನ್ನು ತಡೆದು ಗಾಡಿ ಇಣುಕಿ ನೋಡುವವನು ಪೇದೆ. ಅವನ ಮನೆಯೇ ಸಿದ್ಧಪ್ಪಾಜಿಯ ಒಕ್ಕಲಾಗಿರಬಹುದು, ಅವನವ್ವ ಅದೇ ಜಾತ್ರೆಗೆ ಹರಕೆ ಹೊತ್ತಿರಬಹುದು. ವಾದ ಸರ್ಕಾರ ಮತ್ತು ಭಕ್ತರ ನಡುವಿನದು, ಬೈಗುಳ ಅವನಿಗೆ.

ಜಾತ್ರೆಯೆಂದರೆ ಇಲ್ಲಿನ ಪೊಲೀಸರ ಮನೆಯಲ್ಲಿ ಹಬ್ಬ ತಪ್ಪಿತೆಂದೇ ಅರ್ಥ. ದೀಪಾವಳಿ, ಶಿವರಾತ್ರಿ, ಯುಗಾದಿ ಮೂರಕ್ಕೂ ಮಾದಪ್ಪನ ಬೆಟ್ಟದಲ್ಲಿ ಜಾತ್ರೆ. ಸಂಕ್ರಾಂತಿಗೆ ಬಿಳಿಗಿರಿರಂಗನ ಚಿಕ್ಕಜಾತ್ರೆ. ಅದೇ ಹೊತ್ತಿಗೆ ಚಿಕ್ಕಲ್ಲೂರು. ಪ್ರತಿ ಅಮಾವಾಸ್ಯೆಗೂ ಬೆಟ್ಟದಲ್ಲಿ ಜನ. ನಡುವೆ ಕೆಆರ್‌ಎಸ್, ಕಬಿನಿ ತುಂಬಿ ನೀರು ಬಿಟ್ಟರೆ ದಾಸನಪುರ, ಮುಳ್ಳೂರಿನ ಕಡೆ ಹೊಳೆ ಕಾಯಬೇಕು. 2020ರ ಬೇಸಿಗೆಯಲ್ಲಿ ರಾಜ್ಯವೆಲ್ಲ ಕೊರೊನಾಕ್ಕೆ ತತ್ತರಿಸಿದಾಗ ಜೂನ್‌ವರೆಗೂ ಒಂದೂ ಸೋಂಕಿಲ್ಲದೆ ಉಳಿದ ಜಿಲ್ಲೆ ನಮ್ಮ ಚಾಮರಾಜನಗರ. ಪಾಲಾರ್ ಮುಂತಾದ ಗಡಿಗಳಲ್ಲಿ ಹಗಲು ರಾತ್ರಿ ಜನರನ್ನು ತಡೆದು ಬೈಸಿಕೊಂಡವರ ಪಾಲು ಅದರಲ್ಲಿ ದೊಡ್ಡದು. ಬೇರೆ ಠಾಣೆಗೆ ನಿಯೋಜನೆಯಾದರೆ ‘ಓಒಡಿ’ ಎನ್ನುತ್ತಾರೆ. ಓಒಡಿಗೆ ಹೋದವನಿಗೆ ಮಲಗಲು ಶಾಲೆಯ ಜಗಲಿಯೋ ಛತ್ರದ ಮೂಲೆಯೋ ಸಿಕ್ಕರೆ ಪುಣ್ಯ. ಮಹಿಳಾ ಪೇದೆಗಳಿಗೆ ಬೆಟ್ಟದ ದಾರಿಯಲ್ಲಿ ದಿನವಿಡೀ ನಿಂತ ಜಾಗದ ಸುತ್ತಮುತ್ತ ಶೌಚಾಲಯವಿಲ್ಲ. ನೀರು ಕುಡಿಯದೇ ಇರುವುದು ಅವರು ಕಂಡುಕೊಂಡ ಪರಿಹಾರ.

2019ರ ಆ ಪೊಲೀಸ್ ಸ್ಥಿತಿಗತಿಯ ವರದಿಯ ಪ್ರಕಾರ ದೇಶದ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ. ಇಬ್ಬರಲ್ಲೊಬ್ಬರಿಗೆ ವಾರದ ರಜೆಯೇ ಇಲ್ಲ. ಹೀಗೆ ದುಡಿಯುವ ಬೇರೆ ಯಾರಾದರೂ ಆಗಿದ್ದರೆ ಸಂಘ ಕಟ್ಟಿ ಬೀದಿಗಿಳಿಯುತ್ತಿದ್ದರು. ಪೊಲೀಸರಿಗೆ 1966ರ ಕೇಂದ್ರ ಕಾಯ್ದೆಯೊಂದು ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದೆ. ಶಿಸ್ತಿನ ಪಡೆಗೆ ಒಂದಿಷ್ಟು ಕಟ್ಟುಪಾಡು ಬೇಕು, ಒಪ್ಪುತ್ತೇನೆ. ಆದರೆ ಬಾಯಿ ಕಟ್ಟಿದ ಮೇಲೆ ಕಿವಿಯನ್ನಾದರೂ ಕೊಡಬೇಕಲ್ಲ. 2016ರ ಜೂನ್ 4ರಂದು ರಾಜ್ಯದ ಪೇದೆಗಳು ಸಾಮೂಹಿಕ ರಜೆ ಹಾಕಲು ಹೊರಟಾಗ, ಕರೆ ಕೊಟ್ಟ ಪೊಲೀಸ್ ಮಹಾಸಂಘದ ಅಧ್ಯಕ್ಷರನ್ನು ರಾಜದ್ರೋಹದ ಆರೋಪದಡಿ ಬಂಧಿಸಲಾಯಿತು. ಮುಂದಿನ ತಿಂಗಳು, ಒಂದೇ ವಾರದಲ್ಲಿ ಇಬ್ಬರು ಡಿವೈಎಸ್‌ಪಿಗಳು, ಕಲ್ಲಪ್ಪ ಹಂಡಿಬಾಗ್ ಮತ್ತು ಎಂ.ಕೆ. ಗಣಪತಿ, ಜೀವ ಕಳೆದುಕೊಂಡರು. ಒಬ್ಬ ಮಂತ್ರಿ ರಾಜೀನಾಮೆ ಕೊಟ್ಟರು, ವಿಧಾನಸಭೆಯಲ್ಲಿ ಕೂಗಾಟವಾಯಿತು. ಸಮವಸ್ತ್ರದೊಳಗಿನ ಸಂಕಟದ ಬಗ್ಗೆ ಆ ಗದ್ದಲದಲ್ಲಿ ಯಾರು ಮಾತಾಡಿದರು?

ಬದಲಾವಣೆ ಆಗಿಲ್ಲವೆಂದು ಹೇಳುವುದು ತಪ್ಪಾಗುತ್ತದೆ. ಔರಾದ್ಕರ್ ಸಮಿತಿಯ ಶಿಫಾರಸಿನ ಮೇಲೆ 2019ರಲ್ಲಿ ಸಂಬಳ ಪರಿಷ್ಕರಣೆಯಾಯಿತು. ‘ಆರೋಗ್ಯ ಭಾಗ್ಯ’ ಯೋಜನೆಯಲ್ಲಿ ಚಿಕಿತ್ಸೆಯ ಖರ್ಚಿಗೆ ನೆರವಿದೆ. 2025ರ ಅಕ್ಟೋಬರ್‌ನಲ್ಲಿ ಪೇದೆಗಳ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು, ಬಹುಕಾಲದ ಬೇಡಿಕೆ ಅದು. ಅದೇ ವರ್ಷ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು. ಬೀಟ್ ಪೇದೆ ಬಾಗಿಲಿಗೆ ಬಂದು ಕಷ್ಟ ವಿಚಾರಿಸುವ ಈ ಕೆಲಸ ಇಂಡಿಗನತ್ತ, ಮೆಂದಾರೆಯಂಥ ಊರುಗಳಲ್ಲಿ ಮನಸ್ಸಿಟ್ಟು ನಡೆದರೆ ಬಹಳ ಉಪಕಾರವಾದೀತು. ಆದರೆ ಪೇದೆ ತಂದ ಅಹವಾಲನ್ನು ನೀರಿನವರು, ರಸ್ತೆಯವರು, ಕರೆಂಟಿನವರು ಕೇಳಿಸಿಕೊಳ್ಳದಿದ್ದರೆ ಅವನು ಇನ್ನೊಬ್ಬ ಸುಳ್ಳು ಹೇಳಿದ ಸರ್ಕಾರಿ ಮನುಷ್ಯನಾಗುತ್ತಾನೆ, ಅಷ್ಟೇ.

ಮನಸ್ಸಿನ ಗಾಯಕ್ಕೆ ಮಾಡಬಹುದಾದ ಕೆಲಸಗಳು ದೊಡ್ಡ ಖರ್ಚಿನವಲ್ಲ. ಬ್ರಿಟನ್ನಿನ ಹಲವು ಪೊಲೀಸ್ ಪಡೆಗಳಲ್ಲಿ ‘ಟ್ರಿಮ್’ ಎಂಬ ಪದ್ಧತಿಯಿದೆ, ಅವರ ನೌಕಾಪಡೆಯ ರಾಯಲ್ ಮರೀನ್ಸ್‌ನಲ್ಲಿ ಹುಟ್ಟಿದ್ದು. ಭೀಕರ ಘಟನೆ ಕಂಡವರ ಜೊತೆ ಕೆಲವೇ ದಿನಗಳೊಳಗೆ ತರಬೇತಿ ಪಡೆದ ಸಹೋದ್ಯೋಗಿಯೊಬ್ಬ ಕೂತು ಮಾತಾಡುತ್ತಾನೆ. ಸುಮಾರು ತಿಂಗಳಾದ ಮೇಲೆ ಮತ್ತೆ ಮಾತಾಡುತ್ತಾನೆ. ನಿದ್ದೆ ಬರುತ್ತಿಲ್ಲವೇ, ಸಿಟ್ಟು ಹೆಚ್ಚಾಗಿದೆಯೇ, ಕುಡಿತ ಶುರುವಾಗಿದೆಯೇ ಎಂದು ಗಮನಿಸಿ ಅಗತ್ಯವಿದ್ದವರನ್ನು ವೈದ್ಯರ ಬಳಿ ಕಳಿಸುತ್ತಾನೆ. ಇದಕ್ಕೆ ದೊಡ್ಡ ಆಸ್ಪತ್ರೆ ಬೇಡ. ಜಿಲ್ಲೆಯಲ್ಲಿ ಹತ್ತಿಪ್ಪತ್ತು ಮಂದಿ ಒಳ್ಳೆಯ ಹೆಡ್ ಕಾನ್‌ಸ್ಟೆಬಲ್‌ಗಳನ್ನು ಆರಿಸಿ ತರಬೇತಿ ಕೊಟ್ಟರೆ ಸಾಕು. ನಿಮ್ಹಾನ್ಸ್ ಇರುವುದು ನಮ್ಮದೇ ರಾಜ್ಯದಲ್ಲಿ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಕರೆ ಮಾಡಬಹುದು.

ತಾಲ್ಲೂಕು ಆಸ್ಪತ್ರೆಯ ಆ ಸಾಲಿನಲ್ಲಿ ಪೇದೆ ನಿಲ್ಲುವುದಿಲ್ಲ, ಯಾಕೆಂದರೆ ಸಾಲಿನಲ್ಲಿ ಅವನು ಬೀಟ್‌ನಲ್ಲಿ ಕಂಡ ಜನರೇ ಇರುತ್ತಾರೆ. ಮಾತ್ರೆ ತಿನ್ನುತ್ತಾನೆಂದು ಗೊತ್ತಾದರೆ ಬಂದೂಕಿನ ಡ್ಯೂಟಿ ತಪ್ಪುತ್ತದೆ, ಬಡ್ತಿಯ ಹೊತ್ತಿಗೆ ಯಾರೋ ಅದನ್ನೇ ಎತ್ತುತ್ತಾರೆ, ಮಗಳ ಮದುವೆಯ ಮಾತುಕತೆಯಲ್ಲೂ ಬರುತ್ತದೆ ಎಂಬ ಅಂಜಿಕೆ. ಚಿಕಿತ್ಸೆಯ ವಿವರ ಸೇವಾ ದಾಖಲೆಗೆ ಸೇರುವುದಿಲ್ಲವೆಂದು ಎಸ್‌ಪಿ ಕಚೇರಿ ಲಿಖಿತವಾಗಿ ಹೇಳಬೇಕು. ವೈದ್ಯರು ತಿಂಗಳಿಗೊಮ್ಮೆ ಪೊಲೀಸ್ ವಸತಿಗೃಹದ ಬಳಿಯೇ ಬಂದು ಕೂರಬೇಕು. ಹೆಂಡತಿ ಮಕ್ಕಳಿಗೂ ಅಲ್ಲಿ ಮಾತಾಡಲು ಅವಕಾಶವಿರಬೇಕು, ಠಾಣೆಯಿಂದ ಮನೆಗೆ ಬಂದ ಸಿಟ್ಟನ್ನು ಮೊದಲು ಕಾಣುವವರು ಅವರೇ.

ಮಹದೇಶ್ವರ ಬೆಟ್ಟದ ಜಾತ್ರೆಗೆ ಮೊದಲು ಜಿಲ್ಲಾಡಳಿತ, ಕ್ಷೇತ್ರಾಭಿವೃದ್ಧಿ ಪ್ರಾಧಿಕಾರ, ಸಾರಿಗೆ, ಆರೋಗ್ಯ ಇಲಾಖೆಗಳೆಲ್ಲ ಸೇರಿ ಪೂರ್ವಭಾವಿ ಸಭೆ ಮಾಡುತ್ತವೆ. ಭಕ್ತರಿಗೆ ನೀರು ಎಲ್ಲಿ, ನೆರಳು ಎಲ್ಲಿ, ಬಸ್ಸು ಎಷ್ಟು, ದಾಸೋಹಕ್ಕೆ ಅಕ್ಕಿ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಮುಂದಿನ ಸಭೆಯಲ್ಲಿ ಇನ್ನೆರಡು ಲೆಕ್ಕ ಸೇರಲಿ. ಬಂದೋಬಸ್ತಿಗೆ ಬರುವ ಗಂಡು ಹೆಣ್ಣು ಸಿಬ್ಬಂದಿ ಎಷ್ಟು ಮಂದಿ, ಅವರು ಎಲ್ಲಿ ಮಲಗುತ್ತಾರೆ, ಎಷ್ಟು ಗಂಟೆಗೊಮ್ಮೆ ಪಾಳಿ ಬದಲು, ಶೌಚಾಲಯ ಯಾವ ತಿರುವಿನಲ್ಲಿ ಎಂಬುದು ಒಂದು. ಜಾತ್ರೆ ಮುಗಿದ ವಾರದೊಳಗೆ ಅವರಲ್ಲಿ ಯಾರು ಯಾವ ದಿನ ಮನೆಯಲ್ಲಿ ಹಬ್ಬ ಮಾಡುತ್ತಾರೆ ಎಂಬ ರಜೆಯ ಪಟ್ಟಿ ಇನ್ನೊಂದು.